ಮಂಗಳವಿಲ್ಲದ ಕಾದಂಬರಿ

ನನ್ನದೊಂದು ದೌರ್ಬಲ್ಯವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಓದುತ್ತಿರುವ ಪುಸ್ತಕದಲ್ಲಿ ಯಾರಾದರೂ ಹಾಸಿಗೆ ಹಿಡಿದರೆ, ಅವರು ಎದ್ದು ಕುಳಿತು ಗಂಜಿ ಕುಡಿಯುವವರೆಗೆ ನಾನು ಪುಸ್ತಕ ಮುಚ್ಚಲಾರೆ. ಒಮ್ಮೆ ಹ್ಯಾಂಡ್‌ಪೋಸ್ಟಿನಲ್ಲಿ ಸರಗೂರಿನ ಬಸ್ಸಿಗೆ ಕಾಯುತ್ತ ಒಂದು ಕಥೆ ಓದುತ್ತಿದ್ದೆ. ಬಸ್ಸು ಬಂದು ನಿಂತಾಗ ಕಥಾನಾಯಕನಿಗೆ ಸನ್ನಿಪಾತ ಜ್ವರ. ಕಂಡಕ್ಟರು ಕೂಗಿದ, ನಾನು ಬೆರಳೆತ್ತಿ ಒಂದು ನಿಮಿಷವೆಂದು ಬೇಡಿದೆ. ಬಸ್ಸು ಹೋಯಿತು, ನಾಯಕ ಉಳಿದ. ಮುಂದಿನ ಬಸ್ಸಿಗಾಗಿ ಮೂರು ಗಂಟೆ ಬಿಸಿಲಿನಲ್ಲಿ ಕುಳಿತದ್ದು ನನಗೆ ಭಾರವೆನಿಸಲಿಲ್ಲ. ಒಂದು ಜೀವದ ಮಾತಲ್ಲವೇ!

ಈ ಹುಚ್ಚನ್ನು ನನಗೆ ಅಂಟಿಸಿದವರು ನನ್ನ ಸೋದರತ್ತೆ ವೆಂಕಮ್ಮನವರು. ಮಹಾರಾಜರ ಆಳ್ವಿಕೆಯ ಕಾಲ. ನಾನು ಹುಣಸೂರಿನಲ್ಲಿ ಅವರ ಮನೆಯಲ್ಲಿದ್ದು ಶಾಲೆಗೆ ಹೋಗುತ್ತಿದ್ದೆ. ಪಿರಿಯಾಪಟ್ಟಣದ ಕಡೆಯ ಹಳ್ಳಿಯೊಂದರಲ್ಲಿ ನಮ್ಮ ತಂದೆಯವರು ಅರ್ಚಕರು. ಚಾತುರ್ಮಾಸ್ಯದಲ್ಲಿ ಪುರಾಣ ಹೇಳುವವರು. ಸಂಸ್ಕೃತವನ್ನು ಅವರ ತೊಡೆಯ ಮೇಲೆ ಕುಳಿತೇ ಕಲಿತಿದ್ದ ನನಗೆ ಇಂಗ್ಲಿಷ್ ಮಾತ್ರ ಒಲಿಯಲಿಲ್ಲ. ಹಿಂದಿನ ವರ್ಷದ ಪರೀಕ್ಷೆಯಲ್ಲಿ ಅದೊಂದರಲ್ಲೇ ತಪ್ಪಿದ್ದೆ. ‘ಈ ಸಲವೂ ತಪ್ಪಿದರೆ ಊರಿಗೆ ಬಂದುಬಿಡು, ದೇವರ ಕೆಲಸ ನೋಡಿಕೋ’ ಎಂದು ತಂದೆಯವರು ಹೇಳಿ ಕಳುಹಿಸಿದ್ದರು. ದೇವರ ಕೆಲಸ ಕೀಳೆಂದು ನಾನು ಅಂದೂ ಬಗೆದವನಲ್ಲ. ಆದರೆ ಇನ್ನೂ ಓದಬೇಕೆಂಬ ಆಸೆಯಿತ್ತು, ಮತ್ತು ಆ ಆಸೆ ಒಂದು ಇಂಗ್ಲಿಷ್ ಕಾದಂಬರಿಯ ಮೇಲೆ ನಿಂತಿತ್ತು.

ಅದು ಇಂಗ್ಲಿಷರ ನಾಡಿನಲ್ಲಿ ಶ್ರೇಷ್ಠವೆಂದು ಹೆಸರಾದ ಕೃತಿಯಂತೆ, ನಮಗೆ ಪಠ್ಯ. ಅದರ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ನೀವು ಮೂಲವನ್ನು ತೆರೆದು ನನ್ನನ್ನು ತಿದ್ದಲು ಹೊರಡುತ್ತೀರಿ. ಶಾಲೆಗೆಲ್ಲ ಇದ್ದದ್ದು ಮೇಷ್ಟರ ಸ್ವಂತದ ಪ್ರತಿ ಒಂದೇ. ಅದನ್ನು ಅವರು ಸರದಿಯ ಮೇಲೆ ಹುಡುಗರಿಗೆ ಕೊಡುತ್ತಿದ್ದರು. ಪರೀಕ್ಷೆಗೆ ಮುಂಚಿನ ಹನ್ನೆರಡು ದಿನ ನನ್ನ ಪಾಲಿಗೆ ಬಂದವು. ಪುಸ್ತಕ ಕೈಗೆ ಬರುವಾಗಲೇ ಹೊಲಿಗೆ ಬಿಚ್ಚಿ ಹಾಳೆಗಳು ಜೋಲುತ್ತಿದ್ದವು. ಎದುರುಮನೆಯ ದರ್ಜಿ ಕರೀಂ ಸಾಹೇಬರಿಗೆ ಕೊಟ್ಟೆ. ಅವರು ಒಂದೊಂದು ಹಾಳೆಯನ್ನೂ ಚಿತ್ರವನ್ನೂ ನೋಡಿ ನೋಡಿ ಜೋಡಿಸಿ, ಕೋಟಿಗೆ ಹಾಕುವ ದಪ್ಪ ದಾರದಲ್ಲಿ ಬಿಗಿದು ಕೊಟ್ಟರು.

ನಡುಮನೆಯ ಕಂಬಕ್ಕೆ ಒರಗಿ ಮೊದಲ ಪುಟ ತೆರೆದಿದ್ದೆ, ಅಷ್ಟೆ. ಅತ್ತೆ ಬಂದು ನಿಂತರು.

“ಏನೋ ಅದು, ತುಟಿ ಅಲ್ಲಾಡಿಸದೆ ಕೂತಿದೀಯ? ಓದ್ತಿದೀಯೋ, ತೂಕಡಿಸ್ತಿದೀಯೋ?”

“ಓದ್ತಿದೀನಿ ಅತ್ತೆ. ಇಂಗ್ಲಿಷ್ ಕಥೆ. ಮನಸ್ಸಿನಲ್ಲೇ ಓದೋದು.”

“ಮನೇಲಿ ನಾನೊಬ್ಬಳು ಇದೀನಿ ಅನ್ನೋದು ಗ್ಯಾನ ಇದೆಯೇನೋ? ಕಥೇನ ಒಬ್ಬನೇ ಓದೋದು ಅಂದ್ರೆ ಹಬ್ಬದಡುಗೆ ಮಾಡಿಸ್ಕೊಂಡು ಬಾಗಿಲು ಹಾಕ್ಕೊಂಡು ಉಂಡ ಹಾಗೆ. ಜೋರಾಗಿ ಓದು, ಕನ್ನಡದಲ್ಲಿ ಹೇಳು. ಇದನ್ನ ಕೇಳಿದ್ರೆ ಏನು ಫಲ ಅಂತ ಬರೆದಿದೆ?”

ಇಂಗ್ಲಿಷ್ ಕಾದಂಬರಿಗೆ ಫಲಶ್ರುತಿಯಿಲ್ಲವೆಂದು ಅವರಿಗೆ ಹೇಗೆ ತಿಳಿಸಲಿ? “ನಾನು ಪಾಸಾಗ್ತೀನಿ ಅತ್ತೆ” ಎಂದೆ.

“ಅಷ್ಟೇ ತಾನೇ? ಆಗಲಿ, ಕೈಕಾಲು ತೊಳೆದು ಬಾ.”

ಗ್ರಂಥಪಠನವೆಂದರೆ ನಮ್ಮ ಮನೆತನದಲ್ಲಿ ಅದಕ್ಕೊಂದು ಕ್ರಮವಿತ್ತು. ಶುಚಿಯಾಗಿ ಕುಳಿತು, ವ್ಯಾಸಪೀಠದ ಮೇಲೆ ಪುಸ್ತಕವಿಟ್ಟು, ನಾಲ್ಕು ಜನಕ್ಕೆ ಕೇಳುವಂತೆ ಓದಬೇಕು. ಯುದ್ಧ, ವಿಯೋಗ, ಮರಣ ಬಂದ ಕಡೆ ನಿಲ್ಲಿಸಬಾರದು. ಒಂದು ವಿವಾಹವೋ ಪಟ್ಟಾಭಿಷೇಕವೋ, ಏನೂ ಇಲ್ಲದಿದ್ದರೆ ಯಾರಿಗಾದರೂ ಒಂದು ವರವೋ ದೊರೆಯುವವರೆಗೆ ಮುಂದೆ ಸಾಗಿ, ಅಲ್ಲಿ ಮಂಗಳ ಹೇಳಿ ಏಳಬೇಕು. ಕೇಳಿದವರು ಮನೆಗೆ ಯಾವ ಭಾವವನ್ನು ಹೊತ್ತುಕೊಂಡು ಹೋಗುತ್ತಾರೋ ಅದಕ್ಕೆ ಓದಿದವನೇ ಹೊಣೆ ಎನ್ನುತ್ತಿದ್ದರು ತಂದೆಯವರು. ಆ ಆಂಗ್ಲ ಮಹನೀಯನ ಕಾದಂಬರಿ ಹೀಗೆ ನಮ್ಮ ವ್ಯಾಸಪೀಠವನ್ನೇರಿತು.

ಶಾಲೆ ಬಿಟ್ಟ ಮೇಲೆ ದೀಪ ಹಚ್ಚುವವರೆಗೆ ಪಠನ. ಅತ್ತೆ ಹೊಸಿಲಿನ ಒಳಗೆ ಬತ್ತಿ ಹೊಸೆಯುತ್ತ ಕೂರುವರು. ಕರೀಂ ಸಾಹೇಬರು ಯಂತ್ರಕ್ಕೆ ಬಟ್ಟೆ ಮುಚ್ಚಿ ಬಂದು ಹೊರಗಿನ ಜಗಲಿಯ ಮೇಲೆ ಕೂರುವರು. ಕಥೆ ಇಷ್ಟು: ಕಡಲ ದಂಡೆಯಲ್ಲಿ ಒಂದು ಎತ್ತರದ ಗೋಪುರ. ಹಡಗುಗಳು ಬಂಡೆಗೆ ಬಡಿಯದಂತೆ ಅದರ ಮೇಲೆ ಪ್ರತಿ ಸಂಜೆ ದೀಪ ಹಚ್ಚುವುದು ಒಬ್ಬ ಬಡವನ ಉದ್ಯೋಗ. ಅವನಿಗೆ ತಾಯಿಯಿಲ್ಲದ ಒಬ್ಬಳೇ ಮಗಳು. ನಮ್ಮಲ್ಲಿ ಕಡಲು ಕಂಡವರು ಯಾರೂ ಇರಲಿಲ್ಲ. ಆಷಾಢದ ಲಕ್ಷ್ಮಣತೀರ್ಥ ಹೊಳೆಗೆ ಆಚೆಯ ದಡವಿಲ್ಲವೆಂದು ಭಾವಿಸಿಕೊಂಡು ಅತ್ತೆ ತೃಪ್ತರಾದರು. ಸಂಜೆ ತಪ್ಪದೆ ದೀಪ ಹಚ್ಚುವ ಮನೆಯೆಂಬ ಒಂದೇ ಕಾರಣಕ್ಕೆ ಆ ತಂದೆಮಗಳು ಅವರಿಗೆ ಬಂಧುಗಳಾಗಿಬಿಟ್ಟರು.

ಅನುವಾದಕನಾಗಿ ನನ್ನ ಪ್ರಾಮಾಣಿಕತೆ ಅಷ್ಟೇನೂ ಶುದ್ಧವಾಗಿರಲಿಲ್ಲ. ನಿಘಂಟು ಕೈಕೊಟ್ಟ ಕಡೆ ಕಲ್ಪನೆಯ ಕೈ ಹಿಡಿಯುತ್ತಿದ್ದೆ. ಅವರ ಊಟದ ವರ್ಣನೆ ಬಂದಾಗಲೆಲ್ಲ ವ್ಯಾಸಪೀಠದ ಮೈಲಿಗೆಗೆ ಹೆದರಿ ಹುಳಿಯನ್ನ, ಕೋಸಂಬರಿ ಬಡಿಸಿಬಿಡುತ್ತಿದ್ದೆ. ನಾಲ್ಕನೆಯ ದಿನ ಕರೀಂ ಸಾಹೇಬರಿಗೆ ತಡೆಯಲಾಗಲಿಲ್ಲ.

“ಸಣ್ಣ ಅಯ್ನೋರೆ, ಒಂದ್ ಮಾತು. ಸಮುದ್ರದ ದಡದಾಗೇ ಮನೆ ಕಟ್ಕಂಡವ್ರೆ, ಮೂರೊತ್ತೂ ಕೋಸಂಬರೀನೇ ತಿಂತಾರಾ? ಒಂದ್ ಮೀನಾದ್ರೂ ಬ್ಯಾಡ್ವಾ?”

ಅತ್ತೆ ಒಳಗಿನಿಂದಲೇ, “ಸಾಬ್ರೆ, ಅವರ ಆಚಾರ ಅವರಿಗೆ. ನೀವು ಸುಮ್ಮನೆ ಕಥೆ ಕೇಳಿ” ಎಂದರು.

“ಆಯ್ತು ಬುಡಿ ಅಮ್ಮಾವ್ರೆ. ಪಾಪ, ಆ ಕೂಸು ಅದ್ಕೇ ಅಷ್ಟು ಸೊರಗೈತೆ” ಎಂದು ಸಾಹೇಬರು ಗಡ್ಡ ನೀವಿಕೊಂಡರು.

ಹನ್ನೆರಡನೆಯ ದಿನ ಕೊನೆಯ ಅಧ್ಯಾಯ ಉಳಿದಿತ್ತು. ಮರುದಿನ ಬೆಳಿಗ್ಗೆ ಪುಸ್ತಕ ಹಿಂದಿರುಗಿಸಬೇಕು. ಮುಂಚಿತವಾಗಿ ನೋಡಿಕೊಳ್ಳಲು ನನಗೆ ಬಿಡುವಾಗಿರಲಿಲ್ಲ. ಕಥೆಯಲ್ಲಿ ಬಿರುಗಾಳಿಯ ದಿನ; ತಂದೆಗೆ ಕಾಯಿಲೆ. ಆ ಹುಡುಗಿ ತಾನೇ ಮಳೆಯಲ್ಲಿ ನೆನೆಯುತ್ತ ಗೋಪುರ ಹತ್ತಿ ದೀಪ ಹಚ್ಚುತ್ತಾಳೆ, ಹಡಗು ಉಳಿಯುತ್ತದೆ, ಅವಳಿಗೆ ಜ್ವರ ಬರುತ್ತದೆ. ಅಷ್ಟರಲ್ಲಿ ಹೊರಗೆ ಹೊತ್ತು ಇಳಿಯಿತು. ಪುಸ್ತಕ ಮುಚ್ಚಲು ನೋಡಿದೆ.

“ಅಲ್ಲಿ ನಿಲ್ಲಿಸ್ತಾರೇನೋ! ಮಗು ಮಲಗಿದೆ. ಮುಂದೆ ಓದು, ಎದ್ದು ಕೂತ ಮೇಲೆ ಮಂಗಳ ಹೇಳು” ಎಂದರು ಅತ್ತೆ.

ಓದಿದೆ. ಜ್ವರ ಇಳಿಯಲಿಲ್ಲ. ಕೊನೆಯ ಪುಟಕ್ಕೆ ಬಂದೆ. ಅಲ್ಲಿ ಆ ಹುಡುಗಿ ತೀರಿಹೋಗಿದ್ದಳು. ತಂದೆ ಒಬ್ಬನೇ ದೀಪದ ಬುಡದಲ್ಲಿ ನಿಂತಿದ್ದ. ಅದರ ಕೆಳಗೆ ಗೆರೆ. ಗೆರೆಯ ಕೆಳಗೆ ಏನೂ ಇಲ್ಲ. ಮದುವೆಯಿಲ್ಲ, ವರವಿಲ್ಲ, ಮಂಗಳಕ್ಕೆ ಎಲ್ಲಿಯೂ ತಾಣವಿಲ್ಲ. ಹೊಸಿಲಿನೊಳಗೆ ಅತ್ತೆಯ ಬತ್ತಿ ಹೊಸೆಯುವ ಕೈ ನಿಂತುಹೋಗಿತ್ತು. ಮಕ್ಕಳಿಲ್ಲದ ಆ ಜೀವ ಹನ್ನೆರಡು ದಿನಗಳಿಂದ ಆ ಹುಡುಗಿಯನ್ನು ಮಡಿಲಲ್ಲಿಟ್ಟುಕೊಂಡಿತ್ತು. ಹುಡುಗಿ ಸತ್ತಳೆಂಬ ಸಾಲನ್ನು ಕನ್ನಡಕ್ಕೆ ತಿರುಗಿಸದೆ ಬಿಟ್ಟೆ. ಕೊನೆಯ ಪುಟದ ಮೇಲೆ ಕಣ್ಣಿಟ್ಟು ನಾನೇ ಹೇಳತೊಡಗಿದೆ: ಉಳಿದ ಹಡಗಿನಿಂದ ಒಬ್ಬ ವೈದ್ಯ ಇಳಿದು ಬಂದ, ಕಷಾಯ ಕೊಟ್ಟ, ಹುಡುಗಿ ಬೆವರಿದಳು, ಕಣ್ಣು ತೆರೆದಳು, ಗಂಜಿ ಕೇಳಿದಳು. ಗಂಜಿಗೆ ಒಂದು ಚಮಚ ತುಪ್ಪವನ್ನೂ ಹಾಕಿಸಿದೆ.

ಜಗಲಿಯಿಂದ ಸಾಹೇಬರು ಎದ್ದು ಮನೆಗೆ ಹೊರಟರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಮುಗೀತಲ್ಲ, ಈಗ ಮೊದಲನೇ ಪುಟ ಇನ್ನೊಂದ್ಸಲ ಓದಿ ಪುಸ್ತಕ ಕಟ್ಟು” ಎಂದರು. ಪಾರಾಯಣ ಪೂರೈಸಿದ ದಿನ ಮೊದಲ ಶ್ಲೋಕಗಳನ್ನು ಮತ್ತೊಮ್ಮೆ ಹೇಳಿಯೇ ಗ್ರಂಥ ಕಟ್ಟುವುದು ನಮ್ಮ ಪದ್ಧತಿ. ಗಾಬರಿಯಲ್ಲಿ ನಾನು ಅದನ್ನು ಮರೆತಿದ್ದೆ. ಮೊದಲ ಪುಟ ತೆರೆದೆ. ಏಳು ವರ್ಷದ ಹುಡುಗಿ ಒದ್ದೆ ಲಂಗದ ತುಂಬ ಕಪ್ಪೆಚಿಪ್ಪು ಕಟ್ಟಿಕೊಂಡು ಮರಳಿನಲ್ಲಿ ಓಡಿಬರುತ್ತಿದ್ದಳು. ಅಪ್ಪನನ್ನು ಕೂಗುತ್ತಿದ್ದಳು. ಅತ್ತೆ ಎದ್ದು ದೀಪ ಹಚ್ಚಿದರು.

ಬೆಳಿಗ್ಗೆ ಪುಸ್ತಕ ಹಿಡಿದು ಹೊರಟಾಗ ಕರೀಂ ಸಾಹೇಬರು ಕರೆದರು. ಸುತ್ತ ನೋಡಿ, ಕೊನೆಯ ಪುಟದ ಬೆನ್ನಿಗಿದ್ದ, ನಾನು ಮಗುಚಿ ನೋಡಿರದ ಚಿತ್ರವನ್ನು ತೆರೆದರು. ಕಡಲ ದಂಡೆಯಲ್ಲಿ ಒಂದು ಚಿಕ್ಕ ಗೋರಿ. ಪಕ್ಕದಲ್ಲಿ ಟೋಪಿ ತೆಗೆದು ನಿಂತ ಮುದುಕ.

“ನಂಗೆ ಅಕ್ಷರ ಬರಾಕಿಲ್ಲ ಅಯ್ನೋರೆ. ಆದ್ರೆ ಹೊಲಿಗೆ ಹಾಕಿದ್ ದಿನಾನೇ ಇದ್ನ ನೋಡ್ಬುಟ್ಟಿದ್ದೆ. ಹನ್ನೆರಡು ದಿನ ಗುಟ್ಟು ನುಂಗ್ಕಂಡು ಕುಂತಿವ್ನಿ. ನೀವು ಅಮ್ಮಾವ್ರಿಗೆ ಅಂಗೆ ಯೋಳಿದ್ದು ಒಳ್ಳೇದೇ ಆಯ್ತು. ಪರೀಕ್ಷೇಲಿ ಮಾತ್ರ ಗೋರೀನೇ ಬರೀರಿ.”

ನಕ್ಕು ಹೊರಟೆ. ಆದರೆ ಪರೀಕ್ಷೆಯ ಕೊಠಡಿಯಲ್ಲಿ ನಗು ಬರಲಿಲ್ಲ. ಕಾದಂಬರಿಯ ಮುಕ್ತಾಯವನ್ನು ವಿವರಿಸಿರೆಂಬುದೇ ಪ್ರಶ್ನೆ. ಸುಳ್ಳಿನ ಗುಣವೇ ವಿಚಿತ್ರ. ಪ್ರೀತಿಯಿಂದ ಹೇಳಿದ್ದಾದರೆ ಹೇಳಿದವನೇ ಮೊದಲು ನಂಬುತ್ತಾನೆ. ನನ್ನ ಲೇಖನಿ ಆಗಲೇ ಹಡಗಿನಿಂದ ವೈದ್ಯನನ್ನು ಇಳಿಸಿತ್ತು. ಇನ್ನೇನು ಕಷಾಯ ಕೊಡಿಸಬೇಕು, ಸಾಹೇಬರ ಮಾತು ಕಿವಿಯಲ್ಲಿ ನುಡಿಯಿತು. ವೈದ್ಯನನ್ನು ಹೊಡೆದುಹಾಕಿ ಗೋರಿಯನ್ನು ಬರೆದೆ. ಹನ್ನೆರಡು ಸಂಜೆ ಒಂದೊಂದು ವಾಕ್ಯವನ್ನೂ ಕನ್ನಡಕ್ಕೆ ತಿರುಗಿಸಿ ಹೇಳಿದ್ದರಿಂದ ಉಳಿದ ಪ್ರಶ್ನೆಗಳು ಕೈಗೆ ತಾವೇ ಬಂದವು.

ಪಾಸಾದ ಸುದ್ದಿ ಬಂದ ದಿನ ಅತ್ತೆಗೆ ನಮಸ್ಕರಿಸಿ, ಹೇಗೋ ಧೈರ್ಯ ತಂದುಕೊಂಡು, “ಅತ್ತೆ, ಆ ಕಥೆಯ ಕೊನೆ...” ಎಂದೆ.

“ಗೊತ್ತು ಕಣೋ. ವೈದ್ಯ, ಕಷಾಯ, ಗಂಜಿ ಅಂತ ಅಷ್ಟುದ್ದದ ಕಥೆ ಬಂತು, ಒಂದ್ಸಲವಾದರೂ ಪುಟ ಮಗುಚಿದ ಸದ್ದು ಬಂತೇ? ಅದಕ್ಕೇ ಮೊದಲನೇ ಪುಟ ಓದು ಅಂದೆ. ಅಲ್ಲಿ ಅವಳು ಹೇಗೂ ಇದ್ದಳಲ್ಲ, ನೀನ್ಯಾಕೆ ಅಷ್ಟು ಕಷ್ಟಪಟ್ಟೆ?” ಎಂದು ತಲೆ ಸವರಿ, ಕೈಗೆ ಸಕ್ಕರೆ ಹಾಕಿದರು.

ನಾನು ಮುಂದೆ ಓದಿದೆ. ಓದಿಸುವ ಉದ್ಯೋಗವನ್ನೇ ಹಿಡಿದೆ. ದೊಡ್ಡ ದೊಡ್ಡ ಗುರುಗಳ ಪಾದದಲ್ಲಿ ಕುಳಿತು ರಸಗಳ ವಿಚಾರ ಕೇಳಿದ್ದೇನೆ. ಆದರೂ ಪುಸ್ತಕದ ಮುಂದೆ ಕೂರುವಾಗ ಮೊದಲು ನೆನೆಯುವುದು ಅಕ್ಷರವೇ ಅರಿಯದ ಇಬ್ಬರನ್ನು. ಇಬ್ಬರೂ ಈಗಿಲ್ಲ. ಆ ಕಾದಂಬರಿಯ ಹಳೆಯ ಪ್ರತಿಯೊಂದನ್ನು ಮೈಸೂರಿನಲ್ಲಿ ಕೊಂಡು ತಂದು ಎಷ್ಟೋ ವರ್ಷವಾಯಿತು. ಅದರ ಕೊನೆಯ ಹಾಳೆ ಇಂದಿಗೂ ಹೊಸದರಂತಿದೆ. ಮೊದಲ ಪುಟ ಮಾತ್ರ ಸವೆದು ಸವೆದು ಹೊಲಿಗೆಯಿಂದ ಬಿಟ್ಟುಕೊಂಡಿದೆ. ಯಾರಾದರೂ ಒಳ್ಳೆಯ ದರ್ಜಿಗೆ ಕೊಡಬೇಕು.