ಮನೆ ಅವರದ್ದು, ಹಲಗೆ ನಮ್ಮದು

ನಾನು ಹುಟ್ಟಿ ಬೆಳೆದ ಮನೆ ಬಂಟ್ವಾಳದಿಂದ ಪೊಳಲಿಗೆ ಹೋಗುವ ದಾರಿಯಲ್ಲಿ, ಗದ್ದೆಯ ಬದಿಗಿತ್ತು. ಅದು ನಮ್ಮದಲ್ಲ ಎಂಬುದು ನನಗೆ ಅಕ್ಷರ ಕಲಿಯುವ ಮೊದಲೇ ಗೊತ್ತಿತ್ತು. ನಮ್ಮದು ಅಳಿಯಸಂತಾನದ ಕಟ್ಟು. ಮನೆ, ಗದ್ದೆ ಎಲ್ಲ ತಾಯಿಯಿಂದ ಮಗಳಿಗೆ ಇಳಿಯುವಂಥದ್ದು. ಅಪ್ಪ ಆ ಮನೆಯ ಯಜಮಾನರು ನಿಜ, ಆದರೆ ಅವರ ನಂತರ ಅದು ಅವರ ಅಕ್ಕನಿಗೆ, ಅಕ್ಕನ ಮಕ್ಕಳಿಗೆ. ಅಪ್ಪ ಇರುವವರೆಗೆ ಅಮ್ಮ ಮತ್ತು ನಾನು ಅಲ್ಲಿ. ಅಪ್ಪ ತೀರಿಕೊಂಡರೆ ಹದಿಮೂರನೆಯ ದಿನದ ಬೊಜ್ಜ, ಎಂದರೆ ಉತ್ತರಕ್ರಿಯೆ, ಮುಗಿಸಿ ಅಮ್ಮನ ತವರಿಗೆ, ನಾರಾವಿಗೆ. ಇದರಲ್ಲಿ ಯಾರ ಅನ್ಯಾಯವೂ ಇರಲಿಲ್ಲ. ನೆರೆಕರೆಯ ಮನೆಗಳಲ್ಲೂ ಹೀಗೆಯೇ ಇತ್ತು.

ಅಂಥ ಮನೆಯ ಮುಖವನ್ನು ಚೆಂದ ಮಾಡಬೇಕೆಂದು ಅಮ್ಮ ಹೊರಟಳು. ಐವತ್ತರ ದಶಕದ ಮೊದಲ ವರ್ಷಗಳು, ನಾನು ಮೂರನೆಯ ತರಗತಿ. ಬೆಳ್ತಂಗಡಿಯ ಒಂದು ಮದುವೆಮನೆಯಲ್ಲಿ ಮಾಡಿನ, ಎಂದರೆ ಸೂರಿನ, ತುದಿಗೆ ಹೊಡೆದ ಅಂಚುಹಲಗೆಯನ್ನು ಅಮ್ಮ ನೋಡಿ ಬಂದಿದ್ದಳು. ನಮ್ಮ ಮನೆಗೆ ಹಂಚು ಹೊದಿಸಿದವರು ಅಷ್ಟಕ್ಕೇ ಕೈ ತೊಳೆದುಕೊಂಡಿದ್ದರು. ಎದುರಿನ ಮಾಡಿನ ಕೆಳಗೆ ಹಂಚು ಹೊರುವ ಪಕ್ಕಾಸುಗಳ ತುದಿಗಳು ಒಂದು ಉದ್ದ, ಒಂದು ಗಿಡ್ಡ, ಹಾಗೆಯೇ ಹೊರಗೆ ಕಾಣುತ್ತಿದ್ದವು. ಕಿಟಕಿಗಳ ಸುತ್ತ ಮರಕ್ಕೂ ಗೋಡೆಗೂ ನಡುವೆ ಮಣ್ಣು ಉದುರಿ ಸಂದಿಯಾಗಿತ್ತು. ಗೋಡೆಯ ಬುಡವಂತೂ ಕೆಸರು ಹಾರಿ ಹಾರಿ ಬಣ್ಣ ಕಳೆದುಕೊಂಡಿತ್ತು. ದಿನಾ ನೋಡುವ ನನಗೆ ಇದ್ಯಾವುದೂ ಕಂಡಿರಲಿಲ್ಲ. ಅಮ್ಮ ತೋರಿಸಿಕೊಟ್ಟ ಮೇಲೆ ಬೇರೇನೂ ಕಾಣದಾಯಿತು.

ಗದ್ದೆಯ ಹುಟ್ಟುವಳಿ ಅಪ್ಪನ ಕುಟುಂಬಕ್ಕೆ ಸೇರಿದ್ದು, ಅದಕ್ಕೆ ಅಮ್ಮ ಕೈ ಹಾಕುವವಳಲ್ಲ. ಅವಳದು ಬೀಡಿ ಕಟ್ಟಿದ ದುಡ್ಡು ಮಾತ್ರ. ಅದು ಬೆಲ್ಲದ ಡಬ್ಬಿಯಲ್ಲಿ ಬಿದ್ದು ಬಿದ್ದು, ಮತ್ತೆ ಯಾವುದೋ ಜ್ವರಕ್ಕೋ ಮದುವೆಗೋ ಎದ್ದು ಹೋಗುತ್ತಿತ್ತು. ಹಾಗಾಗಿ ಎರಡು ವರ್ಷ ಬರೀ ಆಲೋಚನೆಯಲ್ಲೇ ಕಳೆಯಿತು. ಅಮ್ಮ ಹುರಿಹಗ್ಗಕ್ಕೆ ಗಂಟು ಹಾಕಿ ಮಾಡಿನ ಉದ್ದ ಅಳೆದಿಟ್ಟಿದ್ದಳು. ಮೊರವನ್ನು ಮಡಿಲಲ್ಲಿಟ್ಟು ಎಲೆ ಸುತ್ತುತ್ತಲೇ ಅವಳ ಲೆಕ್ಕಾಚಾರ. ದಾರಿಗೆ ಕಾಣುವ ಕಿಟಕಿಗೆ ಮಾತ್ರ ಪಟ್ಟಿ, ಹಿತ್ತಲಿನದಕ್ಕೆ ಬೇಡ. ಗೋಡೆಯ ಬುಡಕ್ಕೆ ಬಣ್ಣ ಕೊಳ್ಳುವುದು ಬೇಡ, ತೆಂಗಿನ ಗೆರಟೆ ಸುಟ್ಟ ಮಸಿಯಿಂದ ಕಪ್ಪು ಪಟ್ಟಿ ತಾನೇ ಎಳೆಯುವುದು. ಅಂಚುಹಲಗೆಯೊಂದೇ ತೊಡಕು. ಹೊಸ ಮರವೆಂದರೆ ನಮ್ಮ ಡಬ್ಬಿ ತುಂಬಿ ಹೊರಗೆ ಚೆಲ್ಲಿದರೂ ಸಾಲದು ಎಂದು ಊರಿನ ಮರಗೆಲಸದ ಆಚಾರಿ ಹೇಳಿಬಿಟ್ಟಿದ್ದರು.

ದಾರಿ ತೋರಿಸಿದವರೂ ಅವರೇ. ಮೂಡಬಿದಿರೆಯಲ್ಲಿ ಪಾಲಾದ ಒಂದು ದೊಡ್ಡ ಮನೆಯನ್ನು ಕೆಡವುತ್ತಿದ್ದರು, ಹಳೆಯ ಹಲಗೆ ಅಗ್ಗಕ್ಕೆ ಸಿಕ್ಕೀತು ಎಂದರು. ಅಪ್ಪ, ಅಮ್ಮ, ನಾನು ಬಸ್ಸಿನಲ್ಲಿ ಹೋದೆವು. ಅಪ್ಪನಿಗೆ ದಮ್ಮು, ಬಸ್ಸಿನ ಧೂಳಿಗೆ ದಾರಿಯುದ್ದ ಕೆಮ್ಮುತ್ತಿದ್ದರು. ಆ ಮನೆಯ ಅಂಗಳದಲ್ಲಿ ಹಲಸಿನ ಮರದ ಐದು ಹಲಗೆಗಳು ಬಿದ್ದಿದ್ದವು, ಕೆಳಗಂಚಿನಲ್ಲಿ ಉದ್ದಕ್ಕೂ ಮಾವಿನಕಾಯಿಗಳ ಸಾಲು ಕೊರೆದಂಥವು. ಅಮ್ಮ ಹುರಿಹಗ್ಗ ಬಿಚ್ಚಿ ಅಳೆದಳು. ನಮ್ಮ ಮಾಡಿಗೆ ಒಂದು ಮೊಳ ಕಡಿಮೆ.

"ಕೊಟ್ಟಿಗೆಯ ಬದಿಗೆ ಕಮ್ಮಿ ಬಂದ್ರೆ ಬರ್ಲಿ. ಅತ್ತ ಯಾರು ನೋಡ್ತಾರೆ?" ಎಂದಳು. ಅಷ್ಟು ಖುಷಿಯಲ್ಲಿ ಅಮ್ಮನನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಬಸ್ಸಿನ ಮೇಲೆ ಹಲಗೆ ಏರಿಸಿ ಬರುವಾಗ ಅಪ್ಪ ಕೇಳಿದರು, "ನಾಳೆ ಅಕ್ಕನ ಮಕ್ಕಳಿಗೆ ಹೋಗುವ ಮನೆ ಮಾರಾಯ್ತಿ. ಅದಕ್ಕೆ ನಿನ್ನ ಬೀಡಿಯ ದುಡ್ಡು ಯಾಕೆ?"

"ಮನೆ ಅವರದ್ದು, ಹಲಗೆ ನಮ್ಮದು," ಎಂದಳು ಅಮ್ಮ. ಅಪ್ಪ ನಕ್ಕರು. ನಗು ಕೆಮ್ಮಾಯಿತು.

ಹಲಗೆಗಳಿಗೆ ಗೇರೆಣ್ಣೆ ಬಳಿದು ಒಣಗಿಸುವ ಕೆಲಸ ನನ್ನದು ಮತ್ತು ಅಮ್ಮನದು. ಗೇರುಬೀಜದ ಸಿಪ್ಪೆಯ ಆ ಎಣ್ಣೆ ಗೆದ್ದಲನ್ನು ಹತ್ತಿರ ಬಿಡುವುದಿಲ್ಲ, ಮನುಷ್ಯರ ಚರ್ಮವನ್ನೂ ಬಿಡುವುದಿಲ್ಲ. ನನ್ನ ಬೆರಳುಗಳು ಬೊಕ್ಕೆಯೆದ್ದು ಶಾಲೆಯಲ್ಲಿ ಸ್ಲೇಟಿನ ಕಡ್ಡಿ ಹಿಡಿಯಲಾಗದೆ ಮಾಸ್ಟ್ರ ಕೈಯಲ್ಲಿ ಬೈಗಳು ತಿಂದೆ. ಆದರೂ ಬೇಸರವಿರಲಿಲ್ಲ. ಕೆಲಸ ಮುಗಿದ ಮೇಲೆ ಉಳಿದ ದುಡ್ಡಿನಲ್ಲಿ ನನಗೆ ಹೊಸ ಲಂಗದ ಬಟ್ಟೆ ಎಂದು ಅಮ್ಮ ಹೇಳಿದ್ದಳು.

ಆಚಾರಿ ಬಂದು ಆಣಿಯ ಪೊಟ್ಟಣ ಬಿಚ್ಚಿದಾಗ ಅಮ್ಮ ತಡೆದಳು. "ಆಣಿ ಬೇಡ ಆಚಾರ್ರೇ. ಸ್ಕ್ರೂ ಹಾಕಿ."

"ಮಾಡಿನ ಹಲಗೆಗೆ ಯಾರಮ್ಮ ಸ್ಕ್ರೂ ಹಾಕ್ತಾರೆ? ಅದಕ್ಕೆ ದುಡ್ಡು ಎಷ್ಟು ಗೊತ್ತುಂಟಾ?"

"ಹಳೇ ಮರ ಅಲ್ವಾ. ಆಣಿ ಹೊಡೆದ್ರೆ ಸೀಳ್ತದೆ."

ಅದು ನಿಜವೇ. ಆಚಾರಿ ಗೊಣಗುತ್ತ ಒಪ್ಪಿದರು, ಅಪ್ಪನೂ ಹೌದೆಂದರು. ಪೈಸೆ ಪೈಸೆ ಉಳಿಸಿದ ಅಮ್ಮ ಸ್ಕ್ರೂಗಳಿಗೆ ಮಾತ್ರ ಕೈ ಬಿಚ್ಚಿ ಕೊಟ್ಟಳು, ನನ್ನ ಲಂಗ ಅದರಲ್ಲಿ ಹೋಯಿತು. ನಾನು ಹುಟ್ಟಾ ಮುಂಗೋಪಿ. ಎರಡು ದಿನ ಅನ್ನ ಬಿಟ್ಟು ಕೂತೆ. ಕೊನೆಗೆ ಅಮ್ಮ ನನ್ನನ್ನು ಬಾವಿಕಟ್ಟೆಗೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದಳು. "ನಾವು ಇಲ್ಲಿಂದ ಹೋಗುವ ದಿನ ಬಂದ್ರೆ ಹಲಗೆ ಬಿಚ್ಚಿಕೊಂಡು ಹೋಗಬಹುದು ಮಗಾ. ಅದಕ್ಕೆ ಸ್ಕ್ರೂ. ಯಾರಿಗೂ ಹೇಳ್ಬೇಡ, ಅಪ್ಪನಿಗೆ ಮೊದಲೇ ಬೇಡ."

ಹೋಗುವ ದಿನ ಎಂದರೆ ಯಾವ ದಿನ ಎಂದು ನಾನು ಯೋಚಿಸಲಿಲ್ಲ. ಅಮ್ಮ ನನ್ನನ್ನು ದೊಡ್ಡವಳೆಂದು ಎಣಿಸಿ ಗುಟ್ಟು ಹೇಳಿದಳಲ್ಲ, ಅದೇ ದೊಡ್ಡದಾಗಿತ್ತು. ಎದ್ದು ಹೋಗಿ ಗಂಜಿ ಉಂಡೆ.

ಹಲಗೆ ಕೂತ ಮೇಲೆ ಮನೆಗೆ ಕಳೆಯೇ ಬಂತು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಅಮ್ಮ ದಾಸವಾಳದ ಎಲೆಯ ಲೋಳೆಯಲ್ಲಿ ಮಸಿ ಕಲಸಿ ಗೋಡೆಯ ಬುಡಕ್ಕೆ ಗೇಣಗಲದ ಕಪ್ಪು ಪಟ್ಟಿ ಎಳೆದಳು. ಸಂಜೆ ಅಪ್ಪ ಗದ್ದೆಯಿಂದ ಬರುವಾಗ ಹುಣಿಯ ಮೇಲೆ, ಗದ್ದೆಯ ಬದುವಿನಲ್ಲಿ, ನಿಂತು ಮನೆಯನ್ನು ನೋಡುತ್ತಿದ್ದುದನ್ನು ನಾನು ಕಂಡಿದ್ದೇನೆ.

ಆರು ತಿಂಗಳ ನಂತರ ತೆನೆ ಕಟ್ಟುವ ದಿನ ಬಂತು. ಹೊಸ ಭತ್ತದ ತೆನೆಯನ್ನು ಕಂಬಕ್ಕೆ, ಬಾಗಿಲಿಗೆ, ನೇಗಿಲಿಗೆ ಕಟ್ಟಿ, ಹೊಸ ಅಕ್ಕಿಯ ಊಟ ಮಾಡುವ ದಿನ. ಕುಟುಂಬದವರೆಲ್ಲ ಮೂಲಮನೆಯಲ್ಲಿ, ಎಂದರೆ ನಾವಿದ್ದ ಮನೆಯಲ್ಲಿ, ಸೇರಬೇಕು. ಅಪ್ಪನ ಅಕ್ಕ, ನನ್ನ ಸೋದರತ್ತೆ, ಮೂಡಬಿದಿರೆಯ ತನ್ನ ಗಂಡನ ಮನೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದಳು. ಕೆಟ್ಟವಳಲ್ಲ. ಅಂಗಳಕ್ಕೆ ಕಾಲಿಟ್ಟವಳೇ ಮಾಡು ನೋಡಿ ಬಾಯಿತುಂಬ ಹೊಗಳಿದಳು.

"ನಮ್ಮ ಮನೆ ಎಷ್ಟು ಚೆಂದ ಆಗಿದೆ! ನನ್ನ ಮಕ್ಕಳಿಗೆ ಒಂದು ಕೆಲಸ ಕಮ್ಮಿ ಆಯ್ತು."

ನನ್ನ ಬೆರಳಿನ ಬೊಕ್ಕೆ, ನನ್ನ ಲಂಗ, ಅವಳ ಮಕ್ಕಳಿಗೆ! ಅಪ್ಪ ತೆನೆಯ ಕಟ್ಟು ಹಿಡಿದು ಕಂಬದ ಹತ್ತಿರ ನಿಂತಿದ್ದರು. ಅಮ್ಮ ಹೊಸ್ತಿಲಲ್ಲಿ ದೀಪ ಹಿಡಿದಿದ್ದಳು. ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ, "ಹಲಗೆ ನಮ್ಮದು. ಆಣಿ ಹೊಡೆದದ್ದಲ್ಲ ಅದು, ಸ್ಕ್ರೂ. ಅಪ್ಪ ಸತ್ತ ಮೇಲೆ ನಾವು ಬಿಚ್ಚಿಕೊಂಡು ಹೋಗ್ತೇವೆ."

ತೆನೆ ಕಟ್ಟುವ ದಿನ ಸಾವಿನ ಮಾತು, ಅದೂ ತೆನೆ ಹಿಡಿದು ನಿಂತ ಯಜಮಾನನ ಸಾವು. ಅತ್ತೆ ನನ್ನನ್ನು ನೋಡಲಿಲ್ಲ, ಅಮ್ಮನನ್ನು ನೋಡಿದಳು. "ನನ್ನ ತಮ್ಮನ ದಿನ ಲೆಕ್ಕ ಹಾಕ್ತಾ ಇದ್ದೀಯಾ ನೀನು?" ಎಂದಳು.

ಅಮ್ಮ ದೀಪವನ್ನು ಹೊಸ್ತಿಲಲ್ಲಿಟ್ಟು ಒಳಗೆ ಹೋದಳು. ಅಪ್ಪ ಉಳಿದ ತೆನೆಗಳನ್ನು ಕಟ್ಟಿ ಮುಗಿಸಿದರು. ಊಟವೂ ಆಯಿತು. ಅಮ್ಮ ಎಲ್ಲರಿಗೂ ಬಡಿಸಿದಳು, ನನಗೂ ಬಡಿಸಿದಳು.

ಅತ್ತೆ ಹೋದ ಮರುದಿನ ಅಪ್ಪ ಬಂಟ್ವಾಳ ಪೇಟೆಗೆ ಹೋಗಿ ಉದ್ದದ ಆಣಿಗಳನ್ನು ತಂದರು. ಏಣಿ ಒರಗಿಸಿ ನನಗೆ ಹಿಡಿಯಲು ಹೇಳಿದರು. ಒಂದೊಂದು ಮೆಟ್ಟಿಲಿಗೂ ನಿಂತು ದಮ್ಮು ಸುಧಾರಿಸಿಕೊಂಡು ಹತ್ತಿ, ಪ್ರತಿ ಎರಡು ಸ್ಕ್ರೂಗಳ ನಡುವೆ ಒಂದೊಂದು ಆಣಿ ಹೊಡೆದರು. ಮಧ್ಯದ ಹಲಗೆ ಒಂದು ಕಡೆ ಚಟ್ ಎಂದಿತು. ಕೂದಲೆಳೆಯಷ್ಟು ಬಿರುಕು ಕಾಣಿಸಿತು. ಅಪ್ಪ ನಿಲ್ಲಿಸಲಿಲ್ಲ. ಸಿಟ್ಟೋ, ಸಂಕಟವೋ, ನಮ್ಮನ್ನು ಹೋಗಗೊಡಬಾರದೆಂಬ ಹಟವೋ, ಕೆಳಗೆ ಏಣಿ ಹಿಡಿದು ನಿಂತ ನನಗೆ ಅವರ ಮುಖ ಕಾಣುತ್ತಿರಲಿಲ್ಲ. ಅಮ್ಮ ಒಳಗೆ ಮೊರ ಹಿಡಿದು ಬೀಡಿ ಕಟ್ಟುತ್ತ ಕೂತಿದ್ದಳು. ಹೊರಗೆ ಬರಲೇ ಇಲ್ಲ.

ಆಮೇಲೆ ಅಪ್ಪ ಐದು ವರ್ಷ ಇದ್ದರು. ಅಮ್ಮನ ಮೇಲೆ ಕೈಯೆತ್ತಿದವರಲ್ಲ, ಜೋರು ಮಾತು ಹೇಳಿದವರಲ್ಲ. ಅವಳು ಕೊಟ್ಟ ಕಷಾಯ ಕುಡಿಯುತ್ತಿದ್ದರು, ಎದೆಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದರು. ಆದರೆ ಹುಣಿಯ ಮೇಲೆ ನಿಂತು ಮನೆ ನೋಡುವುದನ್ನು ಬಿಟ್ಟರು. ಅಮ್ಮನೂ ಗೋಡೆಯ ಕಪ್ಪು ಪಟ್ಟಿಗೆ ಮತ್ತೆ ಮಸಿ ಹಚ್ಚಲಿಲ್ಲ. ಒಂದೆರಡು ಮಳೆಗೆ ಅದು ಮಾಸಿ ಹೋಯಿತು. ನಾನು ಮಾಡಿದ್ದು ಏನೆಂದು ನನಗೆ ತಿಳಿಯತೊಡಗಿದ್ದು ಆ ವರ್ಷಗಳಲ್ಲಿ. ತಿಳಿದ ಮೇಲೆ ಬಾಯಿ ಬಿಡಲು ಧೈರ್ಯ ಬರಲಿಲ್ಲ. ಬೇಡದ ಕಡೆ ಅಷ್ಟು ಚುರುಕಾಗಿದ್ದ ನಾಲಿಗೆ ಬೇಕಾದಾಗ ಏಳಲಿಲ್ಲ.

ಅಪ್ಪ ಒಂದು ಬೇಸಿಗೆಯಲ್ಲಿ ದಮ್ಮಿನಲ್ಲೇ ಹೋದರು. ಬೊಜ್ಜದ ಮರುದಿನ ನಾರಾವಿಯಿಂದ ಮಾವ, ಅಮ್ಮನ ಅಣ್ಣ, ನಮ್ಮನ್ನು ಕರೆದುಕೊಂಡು ಹೋಗಲು ಬಂದರು. ಎರಡು ಪೆಟ್ಟಿಗೆ, ಒಂದು ಚಾಪೆ, ಅಮ್ಮನ ಬೀಡಿಯ ಮೊರ ಹೊರಗೆ ಇಟ್ಟಾಗಿತ್ತು. ಆಗ ಅತ್ತೆ ಬಂದು ಹೇಳಿದಳು, "ನಿನ್ನ ಹಲಗೆ ಬಿಚ್ಚಿಸಿಕೊಂಡು ಹೋಗು. ನಾನು ಬೇಡ ಹೇಳುವುದಿಲ್ಲ."

ನ್ಯಾಯದ ಮಾತೋ ಚುಚ್ಚುಮಾತೋ ನನಗೆ ಇಂದಿಗೂ ತಿಳಿಯದು. ಅವಳ ಕಣ್ಣೂ ಅತ್ತು ಊದಿಕೊಂಡಿತ್ತು.

"ಬೇಡ ಅಕ್ಕ," ಎಂದಳು ಅಮ್ಮ.

ಮಾವ ಕೇಳಲಿಲ್ಲ. ತಂಗಿಯ ದುಡ್ಡಿನದು ಯಾಕೆ ಬಿಡಬೇಕು ಎಂದು ಅದೇ ಆಚಾರಿಯನ್ನು ಕರೆಸಿದರು. ಮೊದಲು ಹಿಡಿದದ್ದು ಮಧ್ಯದ ಹಲಗೆ. ಸ್ಕ್ರೂಗಳು ಒಂದೊಂದಾಗಿ ತಿರುಗಿ ಹೊರಗೆ ಬಂದವು, ಒಂದೂ ಹಟ ಮಾಡಲಿಲ್ಲ. ಆಣಿಗಳು ತುಕ್ಕು ಹಿಡಿದು ಪಕ್ಕಾಸಿನೊಳಗೆ ಕಚ್ಚಿಕೊಂಡಿದ್ದವು. ಆಚಾರಿ ಬಾಚಿಯ ತುದಿ ತೂರಿಸಿ ಎತ್ತಿದಾಗ ಹಲಗೆ ಆ ಹಳೆಯ ಬಿರುಕಿನಲ್ಲೇ ಸೀಳಿ, ಮೂರು ಮಾವಿನಕಾಯಿಗಳಿದ್ದ ಒಂದು ತುಂಡು ಅಂಗಳಕ್ಕೆ ಬಿತ್ತು.

"ಸ್ಕ್ರೂ ಮಾತ್ರ ಇದ್ದಿದ್ರೆ ಹೂವಿನ ಹಾಗೆ ಬರ್ತಿತ್ತು ಅಮ್ಮ," ಎಂದರು ಆಚಾರಿ. "ಈ ಆಣಿ ಯಾರು ಹೊಡೆದದ್ದು?"

ಅಮ್ಮ, "ಸಾಕು, ಇಳಿಯಿರಿ," ಎಂದಳು. ಬಿದ್ದ ತುಂಡನ್ನು ಎತ್ತಿ ಸೆರಗಿನಲ್ಲಿ ಒರೆಸಿ ಚಾಪೆಯೊಳಗೆ ಸುತ್ತಿದಳು. ಉಳಿದದ್ದು ಅಲ್ಲೇ ಉಳಿಯಿತು, ನಡುವೆ ಒಂದು ಸಂದಿಯೊಂದಿಗೆ.

ನಾರಾವಿಯ ಮನೆ ನಮ್ಮ ಕಟ್ಟಿನ ಪ್ರಕಾರ ಅಮ್ಮನದೇ, ಅವಳ ನಂತರ ನನ್ನದೂ. ಅಲ್ಲಿಂದ ನಮ್ಮನ್ನು ಏಳಿ ಎನ್ನುವವರು ಯಾರೂ ಇರಲಿಲ್ಲ. ನಮ್ಮ ಕೋಣೆಯ ಕಿಟಕಿಯ ಸುತ್ತಲೂ ಮಣ್ಣು ಉದುರುತ್ತಿತ್ತು. ಬೀಡಿ ಕಟ್ಟಿದ ದುಡ್ಡೂ ಅಮ್ಮನ ಕೈಯಲ್ಲಿತ್ತು. ಆದರೆ ಆ ಮನೆಯ ಗೋಡೆಗೆ ಅವಳು ಒಂದು ಆಣಿಯನ್ನೂ ಹೊಡೆಸಲಿಲ್ಲ, ಒಂದು ಗೆರೆಯನ್ನೂ ಎಳೆಯಲಿಲ್ಲ. ಹಲಗೆಯ ತುಂಡು ಗೋಡೆಗೆ ಒರಗಿಕೊಂಡೇ ಇರುತ್ತಿತ್ತು.

ಅರವತ್ತರ ದಶಕದ ಮೊದಲಿಗೆ ನನ್ನ ಮದುವೆ ನಿಶ್ಚಯವಾಯಿತು. ನಾನೂ ಗಂಡನ ಕುಟುಂಬದ ಮನೆಗೆ ಹೋಗುವವಳಾದೆ. ಮದುವೆಗೆ ಎರಡು ದಿನ ಇರುವಾಗ, ಮಧ್ಯಾಹ್ನ, ಅಮ್ಮ ನನ್ನ ಪೆಟ್ಟಿಗೆಗೆ ಸೀರೆ ಮಡಚಿ ಇಡುತ್ತಿದ್ದಳು. ಇನ್ನು ಹೇಳದಿದ್ದರೆ ಹೇಳಲಾಗದು ಅನಿಸಿತು. ತೆನೆ ಕಟ್ಟುವ ದಿನದ ಮಾತನ್ನು ಅಲ್ಲಿಯವರೆಗೆ ನಾವಿಬ್ಬರೂ ಎತ್ತಿರಲಿಲ್ಲ.

"ಅಮ್ಮ, ನಾನು ಅವತ್ತು ಹಾಗೆ ಹೇಳಬಾರದಿತ್ತು. ನನ್ನಿಂದಾಗಿ ಅಪ್ಪ..."

ಅಮ್ಮ ಮಡಚುವುದನ್ನು ನಿಲ್ಲಿಸಲಿಲ್ಲ. "ಐದು ವರ್ಷ ಕಾದೆ," ಎಂದಳು. "ಸ್ಕ್ರೂ ಯಾಕೆ ಹಾಕಿಸಿದ್ದು ಅಂತ ಒಮ್ಮೆ ಕೇಳಿದ್ರೆ ಹೇಳ್ತಿದ್ದೆ. ಅವರು ಕೇಳಲಿಲ್ಲ."

"ನೀನು ನನಗೆ ಒಂದು ದಿನವೂ ಬೈಯಲಿಲ್ಲ. ಯಾಕೆ?"

"ಬೈಯುವುದು ಯಾಕೆ ಮಗಾ?" ಎಂದಳು ಅಮ್ಮ. "ನೀನು ಹೇಳಿದ್ದರಲ್ಲಿ ಸುಳ್ಳು ಏನುಂಟು? ಅವರ ಕೆಮ್ಮು ಕೇಳಿ ಕೇಳಿಯೇ ನಾನು ಸ್ಕ್ರೂ ಹಾಕಿಸಿದ್ದು."

ಮಡಚಿದ ಸೀರೆಯನ್ನು ಪೆಟ್ಟಿಗೆಯಲ್ಲಿಟ್ಟು, ಗೋಡೆಗೆ ಒರಗಿದ್ದ ಹಲಗೆಯ ತುಂಡನ್ನು ತಂದು ಅದರ ಮೇಲಿಟ್ಟಳು. ಒಂದು ಕ್ಷಣ ನೋಡಿ ಮತ್ತೆ ಹೊರಗೆ ತೆಗೆದಳು. "ಬೇಡ, ಇದು ನಿನಗೆ ಬೇಡ," ಎಂದು ಮೊದಲಿದ್ದಲ್ಲಿಗೇ ಒರಗಿಸಿ, ಇನ್ನೊಂದು ಸೀರೆ ಮಡಚಲು ಕೂತಳು.