ತಗಡು ಡಬ್ಬದ ಸದ್ದು

ಕುಂಟರು ನಡೆದರು, ಕುರುಡರಿಗೆ ಕಣ್ಣು ಬಂತು ಎಂದು ಯಾರಾದರೂ ಹೇಳಿದರೆ ನನಗೆ ಮೊದಲು ಬರುತ್ತಿದ್ದುದು ನಗು. ಯಾವ ಧರ್ಮದವರು ಹೇಳಿದರೂ ಅಷ್ಟೇ. ನಮ್ಮ ಮನೆಯವರೇ ಹರಕೆ ತೀರಿಸಲು ಹೊರಟರೂ ಬಸ್ ಚಾರ್ಜು ದಂಡ ಎನ್ನುತ್ತಿದ್ದವನು ನಾನು. ಈಗ ಬರೆಯುತ್ತಿರುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ತಿತಿಮತಿ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ನಾನು ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಬಾಣಂತನದಲ್ಲಿ ಬಂದ ಜ್ವರ ನನ್ನ ಹೆಂಡತಿ ಸೀತೆಯ ಕಾಲುಗಳ ಬಲವನ್ನೇ ಕಿತ್ತುಕೊಂಡಿತ್ತು. ವಿರಾಜಪೇಟೆಯ ಡಾಕ್ಟರು ಕಾಯಿರಿ ಎಂದರು. ಕಾಯುತ್ತ ಕಾಯುತ್ತ ಮಗು ಅಂಬೆಗಾಲಿಕ್ಕುವಷ್ಟಾಯಿತು. ಕಾಫಿ ಕೊಯ್ಯುವ ಪಿಕ್ಕಿಂಗ್ ಮುಗಿದ ಮೇಲೆ ಅವಳನ್ನು ಬಾಳೆಲೆಯ ತವರಿಗೆ ಕಳಿಸುವುದು, ಮಗುವನ್ನು ನನ್ನ ಅಕ್ಕ ಸಾಕುವುದು ಎಂದು ಹಿರಿಯರು ತೀರ್ಮಾನಿಸಿದರು. ಅಂದಿನಿಂದ ಸೀತೆ ಮಗುವನ್ನು ಮಡಿಲಿಗೆ ತೆಗೆದುಕೊಳ್ಳುವುದನ್ನೇ ಬಿಟ್ಟುಬಿಟ್ಟಳು.

ಕೂಲಿಯವರ ಸಾಲುಮನೆಗಳ ಲೈನಿನಲ್ಲಿ ಅನ್ನಮ್ಮ ಎಂಬ ಮಲಯಾಳಿ ಕ್ರೈಸ್ತ ಮುದುಕಿ ಇದ್ದಳು. ರೋಗಿಗಳಿಗಾಗಿ ಪ್ರಾರ್ಥಿಸುತ್ತಾಳೆ ಎಂದು ಕೇಳಿ ಸೀತೆಯೇ ಅವಳನ್ನು ಕರೆಸಿದಳು. ಭಾನುವಾರ ಇಳಿಬಿಸಿಲಿನಲ್ಲಿ ಅನ್ನಮ್ಮ ಬಂದು ಹಾಸಿಗೆಯ ಪಕ್ಕ ಕೂತಳು.

“ಮೋಳೇ, ಮಗಳೇ, ಹಳೇ ಪ್ರವಾದಿಗಳು ಹೇಳಿದ್ದುಂಟು. ನಮ್ಮನ್ನು ಕಾಯಲು ಬರಬೇಕಾದವನು ಬಂದಾಗ ಕುಂಟರು ಜಿಂಕೆ ಹಾಗೆ ಹಾರ್ತಾರೆ ಅಂತ. ಅದೇ ಅವನ ಗುರ್ತು. ಅವನು ಬಂದಾಯ್ತು.”

ಬಾಗಿಲಲ್ಲಿ ನಿಂತಿದ್ದ ನಾನು ಸುಮ್ಮನಿರಲಿಲ್ಲ. “ನಮ್ಮ ತಿತಿಮತೀಲಿ ಆನೆ ಬಂದ್ರೆ ಸಾಕು ಅನ್ನಮ್ಮ, ಕುಂಟರೂ ಹಾರ್ತಾರೆ,” ಎಂದೆ.

ಸೀತೆ ಮುಖ ತಿರುಗಿಸಿದಳು. ಅನ್ನಮ್ಮ ಮಾತ್ರ ನಕ್ಕಳು. “ಹಾಗೇ ಆಗ್ಲಿ ರೈಟ್ರೇ. ಅವನಿಗೆ ಯಾವ ದಾರಿಯೂ ಆದೀತು,” ಎಂದು ಕಣ್ಣು ಮುಚ್ಚಿದಳು.

ಕಾಡಂಚಿನ ನಮ್ಮ ಎಸ್ಟೇಟಿನಲ್ಲಿ ಒಂದು ಕಟ್ಟುಪಾಡಿತ್ತು. ಆನೆ ಕಂಡವರು ತಗಡು ಡಬ್ಬ ಬಾರಿಸಬೇಕು. ಆ ಸದ್ದು ಕೇಳಿದವರು ತಮ್ಮ ಡಬ್ಬ ಬಾರಿಸಿ ಮುಂದಿನವರಿಗೆ ತಿಳಿಸಬೇಕು. ಅನ್ನಮ್ಮನ ಪ್ರಾರ್ಥನೆ ಇನ್ನೂ ಮುಗಿದಿರಲಿಲ್ಲ, ಅಂಗಳದಾಚೆಯ ಬಾವಿಯ ಕಡೆಯಿಂದ ಡಬ್ಬದ ಸದ್ದು ಕೇಳಿತು. ತೀರಾ ಹತ್ತಿರ. ಮಗು ಅಂಗಳದಲ್ಲಿ, ಕಾಫಿ ಒಣಗಲು ಹಾಕಿದ್ದ ಕಡೆ ಆಡುತ್ತಿತ್ತು. ನಾನು ಗೋಡೆಯಲ್ಲಿ ನೇತಾಡುತ್ತಿದ್ದ ಡಬ್ಬ ತೆಗೆದು ತಿರುಗುವಷ್ಟರಲ್ಲಿ ಹಾಸಿಗೆ ಖಾಲಿ. ಸೀತೆ ಅಂಗಳದಲ್ಲಿದ್ದಳು, ಸೊಂಟದ ಮೇಲೆ ಮಗು.

“ಎಂಥ ನೋಡ್ತಾ ನಿಂತದ್ದು? ಡಬ್ಬ ಬಡೀರಿ!” ಎಂದು ಬೈದಳು.

ನಾನು ಬಡಿದೆ. ಅವಳು ಮೆಟ್ಟಿಲವರೆಗೆ ನಡೆದು ಬಂದು, ತನ್ನ ಕಾಲುಗಳನ್ನು ನೋಡಿಕೊಂಡು, ಅಲ್ಲೇ ಕೂತು ಅತ್ತಳು. ನಾನೂ ಅತ್ತೆ, ನಾಚಿಕೆಯಿಲ್ಲದೆ.

ಲೈನಿನವರು ಓಡಿ ಬಂದು, “ಎಲ್ಲಿ ರೈಟ್ರೇ ಆನೆ?” ಎಂದು ನನ್ನನ್ನೇ ಕೇಳಿದರು. ನಾನು ಬಡಿಯುವ ಮೊದಲು ಅವರಲ್ಲಿ ಯಾರೂ ಡಬ್ಬ ಮುಟ್ಟಿರಲಿಲ್ಲ. ಬಾವಿಯ ಸುತ್ತಲಿನ ಕೆಸರಿನಲ್ಲಿ ನೀರು ಸೇದುವ ಹೆಂಗಸರ ಹೆಜ್ಜೆ ಬಿಟ್ಟರೆ ಬೇರೆ ಗುರುತಿಲ್ಲ. ಅನ್ನಮ್ಮ, “ನನಗೆ ನೀವು ಬಡಿದದ್ದು ಮಾತ್ರ ಕೇಳ್ತು,” ಎಂದಳು. ಸೀತೆಗೂ ನನಗೂ ಕೇಳಿದ್ದು ನಾನು ಗೋಡೆಯಿಂದ ಡಬ್ಬ ತೆಗೆಯುವ ಮೊದಲು.

ಸೀತೆ ತವರಿಗೆ ಹೋದದ್ದು ಉಳಿಯಲಿಕ್ಕಲ್ಲ, ಸುಗ್ಗಿಯ ಹುತ್ತರಿ ಹಬ್ಬಕ್ಕೆ, ಮಗುವನ್ನು ಎತ್ತಿಕೊಂಡು ನಡೆದು. ಹೆದರಿಕೆಗೆ ಅಂಥ ಶಕ್ತಿ ಉಂಟು ಎಂದು ಡಾಕ್ಟರು ವಿವರಿಸಿದರು. ನಾನು ಒಪ್ಪಿದೆ, ಈಗಲೂ ಒಪ್ಪುತ್ತೇನೆ. ಆದರೆ ಬಾವಿಯ ಹತ್ತಿರ ಡಬ್ಬ ಬಡಿದವರು ಯಾರು ಎಂದು ಕೇಳಿದಾಗ ಅವರು ಮುಂದಿನ ರೋಗಿಯನ್ನು ಕರೆದರು.

ನಾವು ಮತ ಬದಲಿಸಲಿಲ್ಲ, ಅನ್ನಮ್ಮ ಬದಲಿಸಿ ಎನ್ನಲೂ ಇಲ್ಲ. ಆದರೆ ಅಂದಿನಿಂದ ನಾನು ಯಾರ ದೇವರನ್ನೂ ತಮಾಷೆ ಮಾಡಿಲ್ಲ. ಭಕ್ತಿ ಬಂತೆಂದಲ್ಲ. ಬಾಗಿಲಲ್ಲಿ ನಿಂತು ನಾನಾಡಿದ ಆ ಆನೆಯ ಮಾತನ್ನು ಅಷ್ಟು ಹತ್ತಿರದಿಂದ ಯಾರೋ ಕೇಳಿಸಿಕೊಂಡರಲ್ಲ, ಆ ಅಂಜಿಕೆ ಇನ್ನೂ ಹೋಗಿಲ್ಲ.