ಬಲಗಡೆಯ ಚಕ್ರ ಮೊದಲು

ಮೊನ್ನೆ ಮಡಕಶಿರದ ಹತ್ತಿರ ರೇಷ್ಮೆಹುಳು ಸಾಕುವವರ ಮನೆಗೆ ನಕ್ಷೆ ಬರೆದುಕೊಟ್ಟೆ. ಮನೆಯ ಅಜ್ಜಿ ಓಡಾಡುವುದು ಗಾಲಿಕುರ್ಚಿಯಲ್ಲಿ. ಮಗ ನಕ್ಷೆ ನೋಡಿ, "ಇದೇನ್ ಸಾರ್, ತಲೆಬಾಗ್ಲು ನಾಲ್ಕಡಿ? ಮೂರು ಸಾಕಾಗಲ್ವಾ?" ಎಂದ.

"ಕುರ್ಚಿಗೆ ಮೂರೇ ಸಾಕು. ಇನ್ನೊಂದಡಿ ಶಾಸ್ತ್ರಕ್ಕೆ," ಎಂದೆ.

ವಾಸ್ತು ಇರಬೇಕೆಂದು ಅವನು ಕೈಮುಗಿದ. ವಾಸ್ತುವಲ್ಲ, ಭಯ. ಅದಕ್ಕೆ ಕಾರಣ ರಾಯದುರ್ಗದ ಕಡೆ ನಾನು ಕಟ್ಟಿಸಿದ ಇಂಥ ಮೊದಲ ಮನೆ.

ಅದರ ಯಜಮಾನರು ಕುರಿ ಸಾಕುವವರು. ಕುರಿಗೆ ಸೊಪ್ಪು ಕಡಿಯಲು ಮರ ಹತ್ತಿ ಬಿದ್ದು, ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದರು. ಮೊದಲ ಭೇಟಿಯಲ್ಲೇ ಹೇಳಿದರು: "ಎಲ್ಲಿಗೆ ಹೊಂಟ್ರೂ ನಾಕು ಮಂದಿ ಎತ್ಕೊಂಡು ಹೋಗ್ತಾರ್ರಿ, ಮೂಟಿ ಎತ್ತಿದಂಗ. ನನ್ನ ಮನಿಯೊಳಗ ನಾನಾ ಹೋಗಬೇಕು. ಅಷ್ಟು ಮಾಡಿಕೊಡ್ರಿ ಸಾಕು."

ಅಷ್ಟು ಮಾಡಿಕೊಡುವುದು ಹೇಗೆಂದು ಯೋಚಿಸಿ ನನ್ನ ನಿದ್ದೆ ಕೆಟ್ಟಿತು. ಅಲ್ಲಿಯವರೆಗೆ ಅಂಗಡಿ ಮಳಿಗೆಗಳ ನಕ್ಷೆ ಬರೆದುಕೊಂಡಿದ್ದವನು ನಾನು. ಗಾಲಿಕುರ್ಚಿಯೊಂದನ್ನು ಕಡ ತಂದು ನಮ್ಮ ಮನೆಯೊಳಗೆಲ್ಲ ಓಡಾಡಿ ಅಭ್ಯಾಸ ಮಾಡಿದೆ. ಎರಡು ಸಲ ಫ್ರಿಜ್ಜಿಗೆ ಗುದ್ದಿದೆ, ಒಂದು ಸಲ ಹೆಂಡತಿಯ ಹೆಬ್ಬೆರಳ ಮೇಲೆ ಹತ್ತಿಸಿದೆ. "ಇನ್ನೊಂದ್ಸಲ ಹತ್ತಿಸ್ರಿ, ಆ ಕುರ್ಚಿ ನಿಮಗ ಖರೇನ ಬೇಕಾಗೋ ಹಂಗ ಮಾಡ್ತೀನಿ," ಎಂದಳು. ಅಲ್ಲಿಗೆ ಸಂಶೋಧನೆ ಮುಗಿಯಿತು.

ಒಂದಿಂಚು ಎತ್ತರಕ್ಕೆ ಒಂದಡಿ ಉದ್ದದ ಇಳಿಜಾರು ಕಟ್ಟಿಸಿದೆ. ಹೊಸ್ತಿಲು ಬೇಡವೆಂದಾಗ ಯಜಮಾನರ ಹೆಂಡತಿ, "ಹೊಸ್ತಿಲಿಲ್ಲದ ಮನಿಗೆ ಲಕ್ಷ್ಮಿ ಹೆಂಗ ಬರ್ತಾಳ್ರಿ?" ಎಂದು ಪಟ್ಟುಹಿಡಿದರು. ಕಡೆಗೆ ಹೊಸ್ತಿಲ ಕಲ್ಲನ್ನು ನೆಲದ ಸಮಕ್ಕೇ ಕೂರಿಸಿದೆವು. ಅರಿಶಿನ ಹಚ್ಚಲು ಹೊಸ್ತಿಲಾಯಿತು, ಚಕ್ರಕ್ಕೆ ನೆಲವಾಯಿತು. ಎಲ್ಲವನ್ನೂ ಯೋಚಿಸಿಬಿಟ್ಟಿದ್ದೇನೆ ಎಂದುಕೊಂಡೆ.

ಗೃಹಪ್ರವೇಶದ ಬೆಳಿಗ್ಗೆ ಮೊದಲು ಆಕಳು ಇಳಿಜಾರು ಹತ್ತಿ ಒಳಗೆ ಹೋಯಿತು. ಹಿಂದೆಯೇ ಯಜಮಾನರು ಹೊಸ ಪಂಚೆಯುಟ್ಟು, ತಮ್ಮ ಕೈಯಿಂದಲೇ ಚಕ್ರ ತಿರುಗಿಸುತ್ತ ಬಾಗಿಲವರೆಗೆ ಬಂದರು. ನಾನು ಉಸಿರು ಬಿಡಬೇಕು, ಅಷ್ಟರಲ್ಲಿ ಪೂಜೆಗೆ ಬಂದಿದ್ದ ಅಯ್ಯನೋರು ಕೈ ಅಡ್ಡ ಹಿಡಿದರು.

"ತಡೀರಿ. ಬಲಗಾಲು ಮೊದಲಿಡಬೇಕಲ್ರಿ."

ಡೋಲು ನಿಂತಿತು. ಎಲ್ಲರೂ ಯಜಮಾನರ ಕಾಲು ನೋಡಿದರು. ಯಾರೋ, "ಬಲಗಡಿ ಚಕ್ರ ಮೊದಲು ಹೋದ್ರ ನಡೀತೈತೇನ್ರಿ?" ಎಂದರು. ಅಯ್ಯನೋರು ಕಣ್ಣುಮುಚ್ಚಿ ಯೋಚಿಸಿ, "ನಡೀತೈತಿ," ಎಂದರು. ಅದು ಹೇಗೆಂದು ಈಗ ಎಲ್ಲರೂ ನನ್ನನ್ನು ನೋಡಿದರು. ಗೊತ್ತಿಲ್ಲ ಎನ್ನುವ ಅಭ್ಯಾಸ ನನಗಿಲ್ಲ. "ಕುರ್ಚಿ ಸ್ವಲ್ಪ ಎಡಕ್ಕೆ ತಿರುಗಿಸಿ ನೂಕಿ," ಎಂದೆ.

ಬಲಗಡೆಯ ಚಕ್ರವೇನೋ ಹೊಸ್ತಿಲು ದಾಟಿತು. ಆದರೆ ನೆಟ್ಟಗೆ ಬರುವ ಕುರ್ಚಿಗೆಂದು ನಾನು ಅಳೆದಿಟ್ಟ ಮೂರಡಿ ಬಾಗಿಲಿನಲ್ಲಿ ಓರೆಯಾಗಿ ಬಂದ ಕುರ್ಚಿ ಕಚ್ಚಿಕೊಂಡು ನಿಂತಿತು. ಹಿಂದಿನವರು ನೂಕಿದರು, ಇನ್ನಷ್ಟು ಬಿಗಿಯಾಯಿತು. ಒಳಗಿದ್ದ ಆಕಳಿಗೆ ಹೊರಗೆ ಬರಬೇಕಿತ್ತು. ದಾರಿಯಿಲ್ಲದೆ ಯಜಮಾನರ ಪಂಚೆಯ ಅಂಚು ಮೇಯತೊಡಗಿತು. ಬಡಗಿಯನ್ನು ಕರೆಸಿ ಚೌಕಟ್ಟು ಕೊಯ್ಯಿಸೋಣವೆಂದು ನಾನೇ ಹೇಳಿದೆನಂತೆ. ನನಗೆ ನೆನಪಿಲ್ಲ.

"ಮುಹೂರ್ತ ಮೀರಾಕತ್ತೈತಿ," ಎಂದರು ಅಯ್ಯನೋರು.

ಯಜಮಾನರ ಹೆಂಡತಿಯ ತಮ್ಮ ತೋಳು ಮಡಚಿಕೊಂಡು ಬಂದ. "ಮಾವ, ಇವತ್ತೊಂದಿನ ನಾವಾ ಎತ್ತಿ ಒಳಗ ಇಟ್ಟುಬಿಡ್ತೀವಿ. ನಾಳಿಂದ ನೀನಾ ಓಡಾಡುವಂತಿ." ಅವನ ಹಿಂದೆ ಇನ್ನೂ ಮೂವರು. ಲೆಕ್ಕಕ್ಕೆ ಸರಿಯಾಗಿ ನಾಲ್ಕು ಮಂದಿ.

ಯಜಮಾನರು ಆಕಳಿನ ಬಾಯಿಂದ ಪಂಚೆ ಬಿಡಿಸಿಕೊಂಡರು.

"ಅಯ್ಯನೋರ, ಈ ಆಕಳು ಯಾವ ಕಾಲು ಮೊದಲಿಟ್ತು? ನೋಡೀರೇನ್ರಿ?"

ಯಾರೂ ನೋಡಿರಲಿಲ್ಲ. ಒಬ್ಬ ಎಡಗಾಲು ಎಂದ, ಇಬ್ಬರು ಬಲಗಾಲು ಎಂದರು, ಅಯ್ಯನೋರು ಆಕಳಿಗೆ ಆ ನಿಯಮವಿಲ್ಲ ಎಂದರು.

"ಹಂಗಾರ ನನಗೂ ಬ್ಯಾಡ. ಸರೀರಿ ಎಲ್ಲಾರೂ. ಕೈ ಹಚ್ಚಿದ್ರ ನೋಡ್ರಿ ಮತ್ತ."

ಹಿಂದಕ್ಕೆ ಜಗ್ಗಿ ಕುರ್ಚಿ ಬಿಡಿಸಿಕೊಂಡರು. ಆಕಳು ಹೊರಗೆ ಬಂತು. ಅವರು ಕುರ್ಚಿ ನೆಟ್ಟಗೆ ಮಾಡಿ, ಎರಡೂ ಚಕ್ರ ಒಟ್ಟಿಗೇ ಹೊಸ್ತಿಲು ದಾಟಿಸಿ ಒಳಗೆ ಹೋದರು. ಅರಿಶಿನದ ಎರಡು ಗೆರೆ ನಡುಮನೆಯವರೆಗೂ ಮೂಡಿದವು.

ಆಮೇಲೆ ತಿರುಗಿ ಹೊರಗೆ ಬಂದರು. ಮತ್ತೆ ಒಳಗೆ ಹೋದರು. ಮತ್ತೆ ಬಂದರು.

"ಸಾಕು ಬರ್ರಿ, ಮುಹೂರ್ತ ಮುಗೀತು," ಎಂದರು ಅಯ್ಯನೋರು.

"ನಿಮ್ಮದು ಮುಗೀತ್ರಿ," ಎಂದು ಯಜಮಾನರು ಮೂರನೆಯ ಸಲ ಒಳಗೆ ಹೋದರು.